ಹಾಲಿನ ಸಕ್ಕರೆ ಅಳೆದ ಮೀಟರ್ ಮಾಮ

ಹೋದ ತಿಂಗಳು ಒಂದು ಬೆಳಿಗ್ಗೆ ಮಗಳ ಡಬ್ಬಿಗೆಂದು ಮೊಟ್ಟೆ ಬೇಯಿಸಿ ಚಿಪ್ಪು ಸುಲಿಯುತ್ತಿದ್ದೆ. ಚಿಪ್ಪಿನ ಒಳಗಿನ ಬಿಳಿ ಪೊರೆ ಒಂದೇ ತುಂಡಾಗಿ ಬಿಡಿಸಿಕೊಂಡು ಬಂದು ಹೆಬ್ಬೆರಳಿಗೆ ಅಂಟಿಕೊಂಡಿತು. ಹೀಗೆ ಎಷ್ಟೋ ಸಲ ಅಂಟಿಕೊಂಡಿದೆ, ನಲ್ಲಿಯ ಕೆಳಗೆ ತೊಳೆದು ಸುಮ್ಮನಾಗಿದ್ದೇನೆ. ಆವತ್ತು ಮಾತ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಾದರೂ ತೂತಿದೆಯಾ ಎಂದು ನೋಡಿದೆ. ಕೈ ತನ್ನಷ್ಟಕ್ಕೆ ತಾನೇ ಆ ಕೆಲಸ ಮಾಡಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ಹಾಗೆ ಬೆಳಕಿಗೆ ಹಿಡಿದು ನೋಡುವುದನ್ನು ನನಗೆ ಕಲಿಸಿದವರು ಒಬ್ಬರಿದ್ದರು...

ನಾವೆಲ್ಲ ಅವರನ್ನು ಮೀಟರ್ ಮಾಮ ಎನ್ನುತ್ತಿದ್ದೆವು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ಅಪ್ಪನಿಗೆ ಗೋದಾಮಿನಲ್ಲಿ ಕೆಲಸ, ಮಾಮನಿಗೆ ಇನ್‌ಸ್ಟ್ರುಮೆಂಟ್ ಸೆಕ್ಷನ್‌ನಲ್ಲಿ. ಕುಲುಮೆಯ ಶಾಖ ಎಷ್ಟು, ಪೈಪಿನೊಳಗಿನ ಒತ್ತಡ ಎಷ್ಟು ಎಂದು ತೋರಿಸುವ ಮೀಟರುಗಳು ಕೆಟ್ಟರೆ ರಿಪೇರಿ ಮಾಡಿ, ತಪ್ಪು ತೋರಿಸುತ್ತಿದ್ದರೆ ಸರಿಮಾಡಿ ಕೂರಿಸುವುದು ಅವರ ಕೆಲಸ. ಅವರ ತಾತ ಸೇಲಂ ಕಡೆಯಿಂದ ಕಾರ್ಖಾನೆಗೆಂದು ಬಂದು ಇಲ್ಲೇ ನಿಂತವರಂತೆ. ಮನೆಯೊಳಗೆ ತಮಿಳು, ಕಾಂಪೌಂಡು ದಾಟಿದರೆ ಭದ್ರಾವತಿಯ ಕನ್ನಡ. ಒಬ್ಬಳೇ ಮಗಳನ್ನು ಸೇಲಮ್ಮಿಗೇ ಮದುವೆ ಮಾಡಿಕೊಟ್ಟಿದ್ದರು. ಮನೆಯಲ್ಲಿ ಮಾಮ ಮತ್ತು ಅವರ ಹೆಂಡತಿ, ಇಬ್ಬರೇ. ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂನಿವೃತ್ತಿ ಎಂಬ ಹೆಸರಿನಲ್ಲಿ ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಮಾಮನೂ ಬಂದರು. ಬೆಳಿಗ್ಗೆ ಸೈರನ್ ಕೂಗಿದ ಕೂಡಲೇ ಎದ್ದು, ಅಂಗಿ ತೊಟ್ಟು, ಬಾಗಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದರು. ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಹಜಾರದ ಮೇಜಿನ ಮುಂದೆ ಕೂರುತ್ತಿದ್ದರು. ಯಾರದೋ ರೇಡಿಯೋ, ಯಾರದೋ ವೋಲ್ಟೇಜ್ ಸ್ಟೆಬಿಲೈಸರ್ ಆ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹನ್ನೆರಡು ವರ್ಷದ ಹಳೇ ಕಾಯಿಲೆ. ಬೀಡಿ ಬಿಟ್ಟಿದ್ದರು, ಕಾಫಿ ಬಿಟ್ಟಿದ್ದರು. ಸಕ್ಕರೆ ಹಾಕದ ಹಾಲು ಮಾತ್ರ ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದರು. ‘ಇದೊಂದ್ರಲ್ಲಿ ಮೋಸ ಇಲ್ಲ’ ಎನ್ನುತ್ತಿದ್ದರು.

ಆಗ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಿದ್ದೆ. ನಮ್ಮ ಗೈಡ್ ಸರ್ ಪ್ರಾಜೆಕ್ಟಿಗೆಂದು ನನಗೆ ಕೊಟ್ಟ ವಿಷಯ ಹಾಲಿನ ಪದಾರ್ಥಗಳಲ್ಲಿರುವ ಸಕ್ಕರೆಯನ್ನು ಕಿಣ್ವದ ಬಯೋಸೆನ್ಸರಿನಿಂದ ಅಳೆಯುವುದು. ಹಾಲು, ಮೊಸರು, ಪೇಡ, ಐಸ್‌ಕ್ರೀಮು, ಹೀಗೆ. ಹಳೇ ಪದ್ಧತಿಯಲ್ಲಿ ಒಂದು ಸ್ಯಾಂಪಲ್ ನೋಡಲು ಕುದಿಸಿ, ಸೋಸಿ, ತೊಟ್ಟು ತೊಟ್ಟು ಬಿಟ್ಟು ಬಣ್ಣ ತಿರುಗುವುದನ್ನು ಕಾಯಬೇಕು. ಅರ್ಧ ದಿನ ಹೋಗುತ್ತದೆ. ಸೆನ್ಸರ್ ಆದರೆ ಎರಡು ಮೂರು ನಿಮಿಷ ಸಾಕು. ಅದರ ತತ್ವ ಬಹಳ ಸರಳ. ಗ್ಲೂಕೋಸನ್ನು ಕಂಡರೆ ಸಾಕು, ಸುತ್ತಲಿನ ಆಕ್ಸಿಜನ್ ಬಳಸಿಕೊಂಡು ಅದನ್ನು ಮುರಿಯುವ ಒಂದು ಕಿಣ್ವವಿದೆ. ಆ ಕಿಣ್ವವನ್ನು ತೆಳುವಾದ ಪೊರೆಯ ಮೇಲೆ ಕೂರಿಸಿ, ಆಕ್ಸಿಜನ್ ಅಳೆಯುವ ಕಡ್ಡಿಯ ತುದಿಗೆ ಕಟ್ಟಬೇಕು. ಸಕ್ಕರೆ ಹೆಚ್ಚಿದ್ದಷ್ಟೂ ಆಕ್ಸಿಜನ್ ಕಡಿಮೆಯಾಗುತ್ತದೆ, ಕಡ್ಡಿಯಲ್ಲಿ ಹರಿಯುವ ಕರೆಂಟು ಇಳಿಯುತ್ತದೆ, ಮೀಟರಿನ ಮುಳ್ಳೂ ಇಳಿಯುತ್ತದೆ. ಹಾಲಿನ ಸಕ್ಕರೆಗಾದರೆ ಜೊತೆಗೆ ಇನ್ನೊಂದು ಕಿಣ್ವ ಬೇಕು. ಅದು ಹಾಲಿನ ಸಕ್ಕರೆಯನ್ನು ಒಡೆದು ಗ್ಲೂಕೋಸ್ ಬಿಡಿಸಿಕೊಡುತ್ತದೆ.

ಸರ್ ಬೆಂಗಳೂರಿನಿಂದ ಐಸಿನ ಡಬ್ಬಿಯಲ್ಲಿ ಎರಡೂ ಕಿಣ್ವಗಳನ್ನು ತರಿಸಿಕೊಟ್ಟರು. ಆದರೆ ಅಷ್ಟು ಸಣ್ಣ ಕರೆಂಟನ್ನು ಓದುವ ಮೀಟರ್ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಕಡ್ಡಿಯೂ ಇರಲಿಲ್ಲ. ಕೇಳಿದರೆ, ‘ಏನಾದರೂ ಮಾಡಿಕೊಳ್ಳಿ, ಇಲ್ಲಾಂದ್ರೆ ವಿಷಯ ಬದಲಾಯಿಸಿ’ ಎಂದರು. ಜೊತೆಯವರೆಲ್ಲ ಆಗಲೇ ಅರ್ಧ ಕೆಲಸ ಮುಗಿಸಿದ್ದರು. ಆ ಸಂಜೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ಮಾಮ ಬಗ್ಗಿ ನೋಡಿದರು.

“ಏನಮ್ಮಾ, ಯಾರೇನಂದ್ರು?”

ನಾನು ಮೂಗು ಒರೆಸಿಕೊಂಡು ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಅದ್ರಲ್ಲಿ ಕರೆಂಟು ಎಷ್ಟು ಬರುತ್ತೆ?”

“ತುಂಬಾ ಕಡಿಮೆ ಮಾಮ. ಆಂಪಿಯರನ್ನ ಕೋಟಿ ಭಾಗ ಮಾಡಿದ್ರೆ ಒಂದೆರಡು ಭಾಗ, ಅಷ್ಟೇ.”

“ಇಪ್ಪತ್ತೆಂಟು ವರ್ಷ ಫರ್ನೇಸಿಂದ ಬರೋ ಮಿಲಿವೋಲ್ಟ್ ಓದಿದೀನಿ ಕಣಮ್ಮಾ. ಇದು ಅದರ ಮರಿಮೊಮ್ಮಗ. ನಾಳೆ ಅದ್ರ ವಿಷ್ಯ ಇರೋ ಪುಸ್ತಕ ತಗಂಬಾ, ನೋಡಾಣ.”

ಅವರ ಮುಖದಲ್ಲಿ ಅಂಥ ಕಳೆಯನ್ನು ಕಾರ್ಖಾನೆ ಬಿಟ್ಟ ಮೇಲೆ ನಾನು ಕಂಡಿರಲಿಲ್ಲ.

ಮಾರನೆಯ ದಿನ ಸೈರನ್ ಕೂಗಿದಾಗ ಮಾಮ ತೊಟ್ಟ ಅಂಗಿ ಬಿಚ್ಚಲಿಲ್ಲ. ಕಾಲೇಜಿನ ಸ್ಟೋರಿನಲ್ಲಿ ಒಡೆದು ಬಿದ್ದಿದ್ದ ಒಂದು ಹಳೇ ಉಪಕರಣದಿಂದ ಪ್ಲಾಟಿನಂ ಚೂರನ್ನು ನಾನು ಕೇಳಿ ತಂದೆ. ಬೆಳ್ಳಿಯ ತಂತಿಯನ್ನು ಅವರೇ ಅಕ್ಕಸಾಲಿಯ ಹತ್ತಿರ ಕೂತು ಎಳೆಸಿಕೊಂಡು ಬಂದರು. ಎರಡನ್ನೂ ಗಾಜಿನ ಕೊಳವೆಯಲ್ಲಿ ಕೂರಿಸಿ, ತುದಿಯನ್ನು ಸಾಣೆಕಲ್ಲಿನ ಮೇಲೆ ಎರಡು ದಿನ ಉಜ್ಜಿದರು. ದ್ರಾವಣ ಕಲಕಲು ಹಾಳಾದ ಟೇಪ್ ರೆಕಾರ್ಡರಿನ ಮೋಟಾರು ಸಿಕ್ಕಿತು. ಪೊರೆಗೆ ಏನು ಮಾಡುವುದು ಎಂದಾಗ ನಾನು ಓದಿದ್ದನ್ನು ಹೇಳಿದೆ: ಮೊಟ್ಟೆ ಚಿಪ್ಪಿನ ಒಳಪೊರೆಯ ಮೇಲೆ ಕಿಣ್ವವನ್ನು ಕೂರಿಸಬಹುದಂತೆ. ಅವತ್ತೇ ಮಾಮ ಬಸ್‌ಸ್ಟ್ಯಾಂಡಿನ ಆಮ್ಲೆಟ್ ಗಾಡಿಯಿಂದ ಒಂದು ಚೀಲ ಚಿಪ್ಪು, ಗೋಬಿ ಮಂಚೂರಿ ಗಾಡಿಯಿಂದ ಒಂದು ಬಾಟಲಿ ವಿನಿಗರ್ ತಂದು ಅತ್ತೆಯ ಅಡುಗೆಮನೆಯಲ್ಲಿ ಇಟ್ಟರು. ಚಿಪ್ಪು ವಿನಿಗರಿನಲ್ಲಿ ಕರಗಿ, ಪೊರೆ ಉಳಿಯುತ್ತಿತ್ತು. ಮನೆಯೆಲ್ಲ ಹುಳಿವಾಸನೆ. “ಕಾರ್ಖಾನೆ ಬಿಟ್ಟು ಬಂದ್ರು ಅಂದ್ಕೊಂಡ್ರೆ ಕಾರ್ಖಾನೇನೇ ಮನೆಗೆ ತಂದವ್ರೆ” ಎಂದು ಅತ್ತೆ ಬೈದರು. ಬೈಯುತ್ತಲೇ ಪೊರೆ ಹರಿಯದಂತೆ ಬಿಡಿಸಿಕೊಟ್ಟವರೂ ಅವರೇ. ಒಂದೊಂದನ್ನೂ ಬೆಳಕಿಗೆ ಹಿಡಿದು, ತೂತಿದ್ದರೆ ಎಸೆದು, ಇಲ್ಲದ್ದನ್ನು ಮಾಮ ನನ್ನ ಕೈಗೆ ಕೊಡುತ್ತಿದ್ದರು.

ಮೀಟರ್ ಕಟ್ಟಿದ್ದಾಯಿತು. ಮುಳ್ಳು ನಿಲ್ಲಲೇ ಇಲ್ಲ. ಫ್ಯಾನ್ ಹಾಕಿದರೆ ಕುಣಿಯುತ್ತಿತ್ತು, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ಕುಣಿಯುತ್ತಿತ್ತು. ಒಂದು ವಾರ ಅವರು ಅದರ ಮುಂದೆಯೇ ಕೂತರು. ಕೊನೆಗೆ ಅತ್ತೆಯ ಅಲ್ಯುಮಿನಿಯಂ ಹಾಲಿನ ಡಬ್ಬಿಯನ್ನು ತಂದು, ತೂತು ಕೊರೆದು, ಎಲ್ಲವನ್ನೂ ಅದರೊಳಗೆ ಇಟ್ಟು, ಅರ್ತ್ ಸಿಗಲೆಂದು ಡಬ್ಬಿಯಿಂದ ನಲ್ಲಿಯ ಪೈಪಿಗೆ ಒಂದು ತಂತಿ ಎಳೆದರು. ಮುಳ್ಳು ಸುಮ್ಮನೆ ನಿಂತಿತು. ನಾನು ಒಂದು ಹನಿ ಗ್ಲೂಕೋಸ್ ನೀರು ಬಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಇಳಿದು, ಒಂದು ಕಡೆ ನಿಂತಿತು. ಇನ್ನೊಂದು ಹನಿ ಬಿಟ್ಟೆ. ಮತ್ತೆ ಅಷ್ಟೇ ಇಳಿಯಿತು. ಮಾಮ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಹಾಲು ಹಾಕು” ಎಂದರು.

ಆವತ್ತು ಅವರಿಗೆಂದು ಅತ್ತೆ ಕಾಯಿಸಿ ಇಟ್ಟಿದ್ದ ಲೋಟದಿಂದಲೇ ಒಂದು ಹನಿ ತೆಗೆದೆ. ಎರಡೂ ಕಿಣ್ವಗಳಿದ್ದ ಪೊರೆ ಕಟ್ಟಿ, ಹನಿ ಬಿಟ್ಟೆ. ಮುಳ್ಳು ಇಳಿಯಿತು. ಮಾಮ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು.

“ಇದಕ್ಕೆ ಸಕ್ಕರೆ ಹಾಕ್ಬಿಟ್ಟಿದಾಳಾ ನಮ್ಮವಳು?”

“ಇಲ್ಲ ಮಾಮ, ಅದು ಹಾಲಲ್ಲೇ ಇರೋ ಸಕ್ಕರೆ. ಎಲ್ಲಾ ಹಾಲಲ್ಲೂ ಇರುತ್ತೆ.”

ಅವರು ಲೋಟ ಎತ್ತಿ ಒಳಗೆ ನೋಡಿದರು. “ಹಂಗಾರೆ ಇಷ್ಟು ವರ್ಷ...” ಎಂದು ಶುರುಮಾಡಿ, ನಿಲ್ಲಿಸಿ, ಜೋರಾಗಿ ನಕ್ಕುಬಿಟ್ಟರು. ಹಾಲಿನಿಂದಲೇ ಅವರ ಕಾಯಿಲೆ ಏರಿತೆಂದು ಹೇಳಲಾರೆ, ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಾನೂ ಅವರಿಗೆ ಅದನ್ನೇ ಹೇಳಿದೆ. ಆದರೂ ಮಾರನೆಯ ದಿನದಿಂದ ಮಾಮ ಹಾಲು ಬಿಟ್ಟರು. ಅವರಿಗೆ ಉಳಿದಿದ್ದ ರುಚಿ ಅದೊಂದೇ. ಅದನ್ನೂ ನಾನೇ ಕಿತ್ತುಕೊಂಡೆ ಎಂದು ಆಗ ಅನ್ನಿಸಲಿಲ್ಲ. ನನ್ನ ಸೆನ್ಸರ್ ಕೆಲಸ ಮಾಡಿತ್ತಲ್ಲ, ನಾನು ಕುಣಿಯುವುದರಲ್ಲಿದ್ದೆ.

ಇನ್ನು ಮುಂದಿನದನ್ನು ಬರೆಯಲು ಕೂತು ಎರಡು ಸಲ ಎದ್ದು ಹೋಗಿದ್ದೇನೆ.

ಪ್ರಾಜೆಕ್ಟಿನ ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಅಂದು ಮಧ್ಯಾಹ್ನ ಬೇಗ ಮನೆಗೆ ಬಂದವಳು ನೇರ ಮಾಮನ ಮನೆಗೆ ಹೋದೆ. ಅತ್ತೆ ಸಂತೆಗೆ ಹೋಗಿದ್ದರು. ಮಾಮ ಮೇಜಿನ ಮೇಲೆ ಬಗ್ಗಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಮೀಟರಿನ ಸಣ್ಣ ಸ್ಕ್ರೂ ತಿರುಗಿಸುತ್ತಿದ್ದರು. ಏನೋ ಸುಟ್ಟ ವಾಸನೆ. ತಂತಿಯ ಪ್ಲಾಸ್ಟಿಕ್ ಇರಬೇಕು ಎಂದುಕೊಂಡೆ. ಆದರೆ ಅದು ಪ್ಲಾಸ್ಟಿಕ್ಕಿನ ವಾಸನೆಯಲ್ಲ. ಕೆಳಗೆ ನೋಡಿದೆ. ಬೆಸುಗೆ ಹಾಕುವ ಕಾದ ಕಡ್ಡಿ ಮೇಜಿನಿಂದ ಜಾರಿ ಬಿದ್ದು, ಅವರ ಬಲಗಾಲಿನ ಕಿರುಬೆರಳ ಪಕ್ಕದಲ್ಲಿ ಚರ್ಮಕ್ಕೆ ಒತ್ತಿಕೊಂಡಿತ್ತು. ಸಣ್ಣಗೆ ಹೊಗೆ ಬರುತ್ತಿತ್ತು. ಮಾಮ ಸ್ಕ್ರೂ ತಿರುಗಿಸುತ್ತಲೇ ಇದ್ದರು.

ನಾನು ಕಿರುಚಿ ವೈರು ಹಿಡಿದು ಎಳೆದೆ. ಅವರು ಬಗ್ಗಿ ಕಾಲನ್ನು ನೋಡಿಕೊಂಡರು, ಬೇರೆ ಯಾರದೋ ಕಾಲು ನೋಡುವ ಹಾಗೆ.

“ಗೊತ್ತೇ ಆಗ್ಲಿಲ್ಲವಲ್ಲೇ...”

ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರಗಳು ಸಾಯುತ್ತವೆ, ನೋವು ತಿಳಿಯುವುದಿಲ್ಲ, ಆದ ಗಾಯ ಮಾಯುವುದಿಲ್ಲ. ಇದು ನನಗೆ ಗೊತ್ತಿತ್ತು. ಹಿಂದಿನ ಸೆಮಿಸ್ಟರಿನಲ್ಲಿ ಹತ್ತು ಅಂಕದ ಪ್ರಶ್ನೆಗೆ ಅದನ್ನೇ ಬರೆದಿದ್ದೆ. “ಮಾಮ, ಈಗಲೇ ಆಸ್ಪತ್ರೆಗೆ ಹೋಗಣ” ಎಂದೆ.

“ಹೋದ್ರೆ ಅಡ್ಮಿಟ್ ಮಾಡ್ತಾರೆ. ಒಂದು ತಿಂಗಳು ಮಲಗ್ಸಿಬಿಡ್ತಾರೆ. ಸಕ್ಕರೆ ಇಲ್ದಾಗ ಮೀಟರ್ ಜೀರೋ ಗುರುತಿಗೆ ನಿಲ್ಬೇಕು, ಇನ್ನೂ ದಿನಕ್ಕೊಂದು ಕಡೆ ನಿಲ್ತಿದೆ ಕಣಮ್ಮಾ. ಹನ್ನೆರಡು ದಿನ ತಾನೇ? ನಿಂದು ಮುಗೀಲಿ, ಅವತ್ತೇ ಹೋಗ್ತೀನಿ. ಅತ್ತೆಗೆ ಹೇಳ್ಬೇಡ. ಹೇಳಲ್ಲ ಅನ್ನು.”

ನಾನು ಒಂದು ಸಲ ಬೇಡ ಎಂದೆ. ಎರಡನೇ ಸಲ ಹೇಳಲಿಲ್ಲ. ಮೀಟರಿಲ್ಲದೆ ನನ್ನ ಪರೀಕ್ಷೆ ಆಗುತ್ತಿರಲಿಲ್ಲ, ಆ ಮೀಟರನ್ನು ಜೀರೋಗೆ ನಿಲ್ಲಿಸುವುದು ಅವರೊಬ್ಬರಿಗೇ ಗೊತ್ತಿತ್ತು. “ಹೇಳಲ್ಲ ಮಾಮ” ಎಂದೆ.

ಅವರು ಅರಿಶಿನ ಮೆತ್ತಿಕೊಂಡು ಬಟ್ಟೆ ಸುತ್ತಿ, ಮೇಲೆ ಕಾಲುಚೀಲ ಹಾಕಿಕೊಂಡರು. ಅತ್ತೆ ಕೇಳಿದ್ದಕ್ಕೆ, ಚಳಿ ಎಂದರಂತೆ. ಹನ್ನೆರಡು ದಿನವೂ ನಾನು ಆ ಮನೆಗೆ ಹೋದೆ, ಅತ್ತೆ ಕೊಟ್ಟ ಟೀ ಕುಡಿದೆ. ದಿನಾ ಅವರ ಕಾಲುಚೀಲ ನೋಡುತ್ತಿದ್ದೆ. ಆರನೇ ದಿನವೋ ಏಳನೇ ದಿನವೋ ಅದರಿಂದ ಒಂದು ಕೆಟ್ಟ ವಾಸನೆ ಬರತೊಡಗಿತು. ವಿನಿಗರಿನ ವಾಸನೆಯಲ್ಲಿ ಅತ್ತೆಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಗಿತ್ತು...

ಪರೀಕ್ಷೆಯ ದಿನ ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಶಿವಮೊಗ್ಗದವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಡಬ್ಬಿಯನ್ನು ಮೇಲೆತ್ತಿ ಹಿಡಿಯುತ್ತಿದ್ದರು. ಸ್ಟ್ಯಾಂಡಿನಿಂದ ಕಾಲೇಜಿಗೆ ಆಟೋದಲ್ಲಿ ಹೋದೆವು. ಲ್ಯಾಬಿನಲ್ಲಿ ಅವರೇ ಎಲ್ಲ ಜೋಡಿಸಿ, ಮುಳ್ಳನ್ನು ಜೀರೋಗೆ ನಿಲ್ಲಿಸಿದರು. ಅಷ್ಟರಲ್ಲಿ ಗೈಡ್ ಸರ್ ಬಂದರು. ನನ್ನನ್ನು ಪಕ್ಕಕ್ಕೆ ಕರೆದರು.

“ಹೊರಗಿನೋರು ಇಲ್ಲಿದ್ರೆ ಎಕ್ಸಾಮಿನರ್ ಏನಂದ್ಕೋತಾರಮ್ಮ? ಕೆಲಸ ನಿಂದಲ್ಲ ಅಂದುಬಿಟ್ರೆ? ಅವರನ್ನ ಹೊರಗೆ ಕೂತ್ಕೊಳ್ಳೋಕೆ ಹೇಳು.”

ನಾನು ಹೇಳಬೇಕಾಗಿ ಬರಲಿಲ್ಲ. ಮಾಮನಿಗೆ ಕೇಳಿಸಿತ್ತು. ಟವೆಲನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು, ಕುಂಟುತ್ತಾ ಕಾರಿಡಾರಿನ ಬೆಂಚಿಗೆ ಹೋಗಿ ಕೂತರು.

ಹೊರಗಿನ ಊರಿಂದ ಬಂದಿದ್ದ ಎಕ್ಸಾಮಿನರ್ ಜೊತೆಗೆ, ಸರ್ ಕರೆಸಿದ್ದ ಡೇರಿಯ ಅಧಿಕಾರಿಯೊಬ್ಬರೂ ಇದ್ದರು. ಗ್ಲೂಕೋಸ್ ಸರಿಯಾಗಿ ಬಂತು. ಹಾಲು ಸರಿಯಾಗಿ ಬಂತು. ಪೇಡ ಕರಗಿಸಿದ್ದೂ ಬಂತು. ನಾಲ್ಕನೆಯದು ಐಸ್‌ಕ್ರೀಮು. ಅಷ್ಟು ಹೊತ್ತಿಗೆ ಪೊರೆಗೆ ಜಿಡ್ಡು ಹಿಡಿದಿತ್ತು. ಮುಳ್ಳು ಅರ್ಧಕ್ಕೆ ಇಳಿದು, ಅಲ್ಲೇ ತೂಗಾಡಿ, ತಿರುಗಿ ಮೇಲಕ್ಕೆ ಹೊರಟಿತು. ಎಕ್ಸಾಮಿನರಿಗೆ ಅದರಿಂದ ಬೇಸರವಾಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಬೆಸುಗೆಗಳನ್ನು ನೋಡುತ್ತಾ, “ತುಂಬಾ ಅಚ್ಚುಕಟ್ಟಾಗಿದೆ. ಈ ಮೀಟರ್ ಯಾರು ಕಟ್ಟಿದ್ದು?” ಎಂದರು.

“ನಮ್ಮ ಡಿಪಾರ್ಟ್‌ಮೆಂಟಲ್ಲೇ ಮಾಡಿದ್ದು ಸರ್” ಎಂದರು ಗೈಡ್.

ಎಕ್ಸಾಮಿನರ್ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಡೇರಿಯವರು ಮಾತ್ರ ನಗುತ್ತಾ ಕೇಳಿದರು: “ಈ ಪೊರೆ ಎಷ್ಟು ದಿನ ಬರುತ್ತಮ್ಮ?”

“ಐದು ದಿನ ಸರ್. ಫ್ರಿಜ್ಜಲ್ಲಿ ಇಟ್ಟರೆ.”

“ನಮ್ಮಲ್ಲಿ ಬೆಳಿಗ್ಗೆ ಆದ್ರೆ ಸಾಲಾಗಿ ಕ್ಯಾನು ಬರ್ತವೆ. ನೀವು ನಾಲ್ಕನೇದಕ್ಕೇ ಕೈಕೊಟ್ರಿ. ಮೊಟ್ಟೆ ಚಿಪ್ಪು ಹೆಕ್ಕೋಕೆ ನಾನ್ಯಾರನ್ನ ಕಳಿಸ್ಲಿ?”

ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದದ್ದು ಸತ್ಯವೇ. ನಮ್ಮ ಸೆನ್ಸರಿನ ಕಥೆ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು.

ಹೊರಗೆ ಬಂದಾಗ ಮಾಮ ಬೆಂಚಿನಿಂದ ಏಳಲು ಹೋಗಿ, ಏಳಲಾಗದೆ ಕೂತರು.

“ಏನಾಯ್ತಮ್ಮಾ?”

“ಚೆನ್ನಾಗಾಯ್ತು ಮಾಮ.”

“ಮೀಟರ್ ಯಾರು ಮಾಡಿದ್ದು ಅಂತ ಕೇಳಿದ್ರಾ?”

“ಕೇಳಿದ್ರು.”

“ಹೇಳ್ದ್ಯಾ?”

“ಹ್ಞೂಂ, ಹೇಳ್ದೆ.”

 ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್, ಡಬ್ಬಿಯಲ್ಲಿ ಏನು ಸಾಗಿಸ್ತಿದೀರಾ ಎಂದಾಗ ಮಾಮ, “ಹಾಲಲ್ಲಿ ಸಕ್ಕರೆ ಎಷ್ಟಿದೆ ಅಂತ ಹೇಳೋ ಮಿಷನ್ನು. ನಾನೇ ಮಾಡಿದ್ದು. ದೊಡ್ಡ ದೊಡ್ಡೋರೆಲ್ಲ ನೋಡಿದ್ರು ಇವತ್ತು” ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮಾರನೆಯ ದಿನವೇ ಅವರಿಗೆ ಜ್ವರ ಬಂತು. ಕಾಲುಚೀಲ ಬಿಚ್ಚಿದಾಗ ಕಿರುಬೆರಳು ಕಪ್ಪಾಗಿತ್ತು, ಅದರ ಪಕ್ಕದ್ದೂ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಮೊದಲು ಎರಡು ಬೆರಳು ತೆಗೆದರು. ಒಂದು ವಾರ ಬಿಟ್ಟು ಪಾದ. ಆಮೇಲೆ ಮೊಣಕಾಲಿನ ಕೆಳಗೆ. ಡಾಕ್ಟರು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಸುಟ್ಟಿದ್ದು ಯಾವತ್ತು, ಯಾಕೆ ಇಷ್ಟು ತಡಮಾಡಿದಿರಿ? ಮೂರನೇ ಸಲ ಕೇಳಿದಾಗ ಮಾಮ ಇನ್ನೂ ಮಂಪರಿನಲ್ಲಿದ್ದರು. ಹಾಸಿಗೆಯ ಪಕ್ಕದಲ್ಲಿ ಅತ್ತೆ, ನಾನು ಇಬ್ಬರೇ. ಡಾಕ್ಟರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

“ನಿಂಗೆ ಗೊತ್ತಿತ್ತಾ ಕಣ್ಣು?”

ತಮಿಳಿನವರು ಪ್ರೀತಿಯಿಂದ ಮಕ್ಕಳನ್ನು ಹಾಗೆ ಕರೆಯುತ್ತಾರೆ. ಅತ್ತೆ ನನ್ನನ್ನು ಸಣ್ಣವಳಿದ್ದಾಗಿನಿಂದ ಹಾಗೇ ಕರೆದವರು. ನನಗೆ ಸುಳ್ಳು ಹೇಳಲಾಗಲಿಲ್ಲ. ಗೊತ್ತಿತ್ತು ಎಂದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ನಾನು ಓದಿಲ್ಲ. ನೀನು ಓದಿದವಳಲ್ವಾ...” ಎಂದರು.

ಅಷ್ಟೇ. ಆಮೇಲೆಯೂ ಟೀ ಕೊಟ್ಟರು, ಊಟಕ್ಕೆ ಕರೆದರು. ಕಣ್ಣು ಎಂದು ಮಾತ್ರ ಮತ್ತೆ ಯಾವತ್ತೂ ಕರೆಯಲಿಲ್ಲ.

ಮನೆಗೆ ಬಂದ ಮೇಲೆ ಮಾಮ ಹಜಾರದ ಮಂಚದಲ್ಲೇ ಇದ್ದರು. ಅಲ್ಲಿಯೂ ಅವರಿಗೆ ಆ ಸೆನ್ಸರಿನದೇ ಚಿಂತೆ. ಐಸ್‌ಕ್ರೀಮಿನಲ್ಲಿ ಮುಳ್ಳು ತಿರುಗಿ ಹೋದದ್ದನ್ನು ಅವರಿಗೆ ಹೇಳಿದ್ದೆ, ಅದು ಯಾಕೆ ಹಾಗಾಯಿತು? ಪೊರೆಯ ಮೇಲೆ ಇನ್ನೊಂದು ತೆಳು ಪೊರೆ ಹಾಕಿದರೆ ಜಿಡ್ಡು ಒಳಗೆ ಬರಲಿಕ್ಕಿಲ್ಲ ಅಲ್ಲವಾ? ಸ್ವಲ್ಪ ಕಿಣ್ವ ಸಿಕ್ಕಿದರೆ ನೋಡಬಹುದಿತ್ತು... ನಾನು ಸರ್ ಹತ್ತಿರ ಹೋಗಿ ಕೇಳಿದೆ. ಕಿಣ್ವ ಮುಗಿದಿದೆ ಎಂದರು. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಬೇರೆ ವಿಷಯ ಕೊಟ್ಟಾಗಿತ್ತು. ಮಾಮನಿಗೆ, ತರಿಸ್ತಾರಂತೆ ಎಂದು ಹೇಳಿದೆ. ತಿಂಗಳುಗಟ್ಟಲೆ ಹಾಗೆಯೇ ಹೇಳಿದೆ.

ಒಂದು ದಿನ ಅವರು ನನ್ನ ಪ್ರಾಜೆಕ್ಟಿನ ಪುಸ್ತಕ ತೋರಿಸು ಎಂದರು. ಬೈಂಡಿಗೆ ಹೋಗಿದೆ, ಕಾಲೇಜಿನಲ್ಲಿದೆ ಎಂದು ನಾನು ಅಷ್ಟು ದಿನ ಮುಂದೂಡಿದ್ದೆ. ಅದರ ಮೊದಲ ಪುಟಗಳಲ್ಲಿ ನಾನು ಎಲ್ಲರಿಗೂ ಕೃತಜ್ಞತೆ ಹೇಳಿದ್ದೆ. ಗೈಡ್‌ಗೆ, ವಿಭಾಗದ ಮುಖ್ಯಸ್ಥರಿಗೆ, ಅಪ್ಪ ಅಮ್ಮನಿಗೆ, ಟೈಪ್ ಮಾಡಿಕೊಟ್ಟವರಿಗೆ. ಮಾಮನ ಹೆಸರಿನ ಸಾಲನ್ನು ಸರ್ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದರು, ನಾನು ಅದಿಲ್ಲದೆಯೇ ಟೈಪಿಗೆ ಕೊಟ್ಟಿದ್ದೆ. ಮಾಮ ಇಂಗ್ಲಿಷ್ ಮಾತಾಡುತ್ತಿರಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಇಂಗ್ಲಿಷಿನ ಕೈಪಿಡಿಗಳನ್ನು ಓದಿಕೊಂಡು ಮೀಟರ್ ರಿಪೇರಿ ಮಾಡಿದವರು.

ಪುಸ್ತಕವನ್ನು ಅವರ ಕೈಗೆ ಕೊಟ್ಟು ನಿಂತೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ತಿರುವಿದರು. ಆ ಪುಟ ಬಂದಾಗ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಕೆಳಗಿನವರೆಗೆ ಹೋಗಿ, ಮತ್ತೆ ಮೇಲಿನಿಂದ ಇನ್ನೊಂದು ಸಲ ಓದಿದರು.  ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಪುಟ ತಿರುವಿ, ಮೀಟರಿನ ನಕ್ಷೆ ಇದ್ದ ಕಡೆಗೆ ಹೋಗಿದ್ದರು.

“ಪೆನ್ಸಿಲ್ ಕೊಡು.”

ಕೊಟ್ಟೆ.

“ಇಲ್ಲಿ ರೆಸಿಸ್ಟರ್ ಬೆಲೆ ತಪ್ಪು ಹಾಕಿದೀಯ. ಒಂದು ಸೊನ್ನೆ ಬಿಟ್ಟು ಹೋಗಿದೆ. ಇದನ್ನ ನೋಡಿ ಯಾರಾದ್ರೂ ಮಾಡೋಕೆ ಹೋದ್ರೆ ಮುಳ್ಳು ಅಲ್ಲಾಡೋದೇ ಇಲ್ಲ.” ನಕ್ಷೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಸರಿಯಾದ ಅಂಕಿ ಬರೆದರು. “ಕಾಲೇಜಲ್ಲಿ ಇರೋದ್ರಲ್ಲೂ ತಿದ್ದುಬಿಡು.”

ಪುಸ್ತಕ ಮುಚ್ಚಿ ನನಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು. ಆ ದಿನದ ನಂತರ ಅವರು ಕಿಣ್ವ ಬಂತಾ ಎಂದು ಕೇಳಲಿಲ್ಲ.

ಕ್ಷಮೆ ಕೇಳಬಹುದಿತ್ತು. ಬೆಳಿಗ್ಗೆ ಕೇಳೋಣ, ಭಾನುವಾರ ಕೇಳೋಣ ಎಂದು ಕಾದೆ. ಅಷ್ಟರಲ್ಲಿ ನನಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಇನ್ನೊಂದು ಕಾಲಿಗೂ ಹುಣ್ಣಾಯಿತೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಆ ಶನಿವಾರ ಬರುತ್ತೇನೆ ಎಂದೆ. ಗುರುವಾರವೇ ಅವರು ಹೋಗಿಬಿಟ್ಟರು. ನಾನು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಜಾರದಲ್ಲಿ ಮಂಚ ಇರಲಿಲ್ಲ. ಮೇಜು ಖಾಲಿಯಿತ್ತು. ಮೀಟರ್ ಎಲ್ಲಿ ಎಂದು ನಾನು ಕೇಳದಿದ್ದರೂ ಅತ್ತೆಯೇ ಹೇಳಿದರು: “ಗುಜರಿಯವನು ಬಂದಿದ್ದ. ಎಲ್ಲಾ ಹಾಕ್ಬಿಟ್ಟೆ. ಅದನ್ನ ನೋಡೋಕಾಗ್ತಿರಲಿಲ್ಲ.” ತಿಂಗಳ ಮಾಸಿಕ ಮುಗಿದ ಮೇಲೆ ಮಗಳ ಜೊತೆ ಸೇಲಮ್ಮಿಗೆ ಹೋದರು. ಹೋಗುವ ದಿನ ನಮ್ಮ ಮನೆಗೆ ಬಂದು ಅಮ್ಮನನ್ನು ಅಪ್ಪಿಕೊಂಡು ಅತ್ತರಂತೆ. ನನ್ನ ವಿಷಯ ಕೇಳಲಿಲ್ಲವಂತೆ.

ನಾನೀಗ ಶಿವಮೊಗ್ಗದಲ್ಲಿ, ಅದೇ ವಿಷಯವನ್ನು ಪಾಠ ಮಾಡುತ್ತೇನೆ. ಕಿಣ್ವದ ಸೆನ್ಸರುಗಳ ಅಧ್ಯಾಯ ಪ್ರತಿ ವರ್ಷ ಬರುತ್ತದೆ. ಬೋರ್ಡಿನ ಮೇಲೆ ಕಡ್ಡಿ, ಪೊರೆ, ಮುಳ್ಳು ಎಲ್ಲ ಬರೆಯುತ್ತೇನೆ. ಅವರ ಬಗ್ಗೆ ಒಂದು ಮಾತೂ ಆಡಿಲ್ಲ. ಆ ಪೊರೆ ಕೈಗೆ ಅಂಟಿದ ಮೇಲೆ ಮೊನ್ನೆ ಧೈರ್ಯ ಮಾಡಿ ನಾನು ಓದಿದ ಕಾಲೇಜಿಗೆ ಹೋಗಿ, ನನ್ನ ಪ್ರಾಜೆಕ್ಟಿನ ಪ್ರತಿ ಕೇಳಿದೆ. ಅದರಲ್ಲಿ ಆ ಅಂಕಿಯನ್ನು ನಾನು ತಿದ್ದಿರಲಿಲ್ಲ. ತಿದ್ದಿ, ಒಂದು ಹೆಸರನ್ನೂ ಬರೆದು ಬರುವುದೆಂದಿದ್ದೆ. ಹಳೇ ಪ್ರಾಜೆಕ್ಟುಗಳನ್ನೆಲ್ಲ ಗೆದ್ದಲು ಹಿಡಿದಿದ್ದವೆಂದು ಯಾವತ್ತೋ ಸುಟ್ಟಿದ್ದರಂತೆ. ಅವರು ಪೆನ್ಸಿಲಿನಲ್ಲಿ ತಿದ್ದಿಕೊಟ್ಟ ನನ್ನ ಪ್ರತಿ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ, ಅದೂ ಸಿಗಲಿಲ್ಲ.

ಅತ್ತೆಯ ಮಗಳ ವಿಳಾಸವಾದರೂ ಸಿಕ್ಕೀತೇ ಎಂದು ಹೋದ ಭಾನುವಾರ ಭದ್ರಾವತಿಗೆ ಹೋಗಿದ್ದೆ. ನಮ್ಮ ಸಾಲಿನ ಮನೆಗಳಲ್ಲಿ ಅರ್ಧಕ್ಕರ್ಧ ಖಾಲಿ. ಅವರ ಮನೆಯ ಬಾಗಿಲಿಗೆ ಹಲಗೆ ಹೊಡೆದಿದ್ದರು, ಕಾಂಪೌಂಡಿನ ಮೇಲೆ ಬಳ್ಳಿ ಹಬ್ಬಿತ್ತು. ರಸ್ತೆಯ ತುದಿಯಲ್ಲಿ ಒಂದು ಟೀ ಅಂಗಡಿ ಇತ್ತು. ನಲವತ್ತು ದಾಟಿದ ಮನುಷ್ಯ, ಇಲ್ಲೇ ಹುಟ್ಟಿ ಬೆಳೆದವನು ಎಂದ. ಆ ಮನೆಯಲ್ಲಿ ಮೊದಲು ಯಾರಿದ್ದರು, ನೆನಪಿದೆಯಾ ಎಂದು ಕೇಳಿದೆ.

“ಸುಮಾರು ಜನ ಬಂದು ಹೋದ್ರಲ್ಲ ಅಕ್ಕ. ಯಾರು ಬೇಕಿತ್ತು? ಹೆಸರೇನು ಅವ್ರದು?”

ಮೀಟರ್ ಮಾಮ ಎಂದಲ್ಲ, ನಾನು ಅವರ ಪೂರ್ತಿ ಹೆಸರನ್ನು ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಇನ್ನೊಬ್ಬರ ಎದುರು ಅದನ್ನು ಬಾಯಿಬಿಟ್ಟು ಹೇಳಿದ್ದು. ಆತ ಲೋಟ ತೊಳೆಯುವುದನ್ನು ನಿಲ್ಲಿಸಿ, ನೆನಪು ಮಾಡಿಕೊಳ್ಳುವವನಂತೆ ಸ್ವಲ್ಪ ಹೊತ್ತು ರಸ್ತೆ ನೋಡಿದ.

“ಇಲ್ಲ ಅಕ್ಕ. ಆ ಹೆಸರಿನೋರು ಯಾರೂ ಇರ್ಲಿಲ್ಲ ಇಲ್ಲಿ” ಎಂದ.